ಜನರಿಲ್ಲದ ಬೀದಿಗಳ ಆಲ್ಬಮ್

ನನ್ನ ಮೇಜಿನ ಮೇಲೆ ಕರಿಯ ಕಾಗದದ ಒಂದು ಪುಟ್ಟ ತ್ರಿಕೋನ ಇದೆ. ಹೆಬ್ಬೆರಳಿನ ಉಗುರಿನಷ್ಟು. ಹಿಂಬದಿಯಲ್ಲಿ ಒಣಗಿ ಬಿರುಕುಬಿಟ್ಟ ಅಂಟು. ಹಳೆಯ ಆಲ್ಬಮ್ಮುಗಳಲ್ಲಿ ಫೋಟೋದ ನಾಲ್ಕು ಮೂಲೆಗೂ ತೊಡಿಸುತ್ತಿದ್ದ ಟೋಪಿ ಅದು ಎಂದು ನಿಮಗೆ ಹೇಳದೆಯೇ ಹೊಳೆದಿದ್ದರೆ ನಿಮ್ಮ ವಯಸ್ಸು ನನಗೆ ಗೊತ್ತಾಯಿತು. ನನ್ನ ವಾರಿಗೆಯವರು ಅದನ್ನು ಕಸ ಎನ್ನುತ್ತಾರೆ. ಹೋದ ವಾರ ಟೆಕ್ಸಸ್ಸಿನ ಮೆಕಿನ್ನಿಯ ನಮ್ಮ ಮನೆಗೆ ಬಂದಿದ್ದ ಗೆಳೆಯನೊಬ್ಬ ಅದನ್ನು ಉಫ್ ಎಂದು ಊದಿ ಹಾರಿಸಲು ಬಗ್ಗಿದ. ನಾನು ಹಾಕಿದ ಕೂಗಿಗೆ ಅವನು ಕಾಫಿ ಚೆಲ್ಲಿಕೊಂಡ. ಆ ಕೂಗು ಯಾರದ್ದು ಎಂದು ಆಮೇಲೆ ಯೋಚಿಸಿದೆ. ನನ್ನದಾಗಿರಲಿಲ್ಲ. ಮೈಸೂರಿನಲ್ಲಿ ನಮಗೆ ಗಣಿತ ಹೇಳುತ್ತಿದ್ದ ಮೇಷ್ಟರದ್ದು.

ಈ ಅನುಕರಣೆಯ ಚಟ ನನಗೆ ಹುಟ್ಟಿನಿಂದ ಅಂಟಿಕೊಂಡದ್ದು. ಮಾತು ಬರುವ ಮೊದಲೇ ನನಗೆ ಕುಕ್ಕರಿನ ಸೀಟಿ ಬಂದಿತ್ತಂತೆ. ಅದನ್ನು ನಂಬಿ ಅಮ್ಮ ಎರಡು ಸಲ ಒಲೆ ಆರಿಸಿ, ಎರಡು ಸಲವೂ ಅರೆಬೆಂದ ಬೇಳೆಯ ಸಾರು ಬಡಿಸಿ, ಅಪ್ಪನ ಕೈಲಿ ಮಾತು ಕೇಳಿದಳಂತೆ. ಏಳನೆಯ ತರಗತಿಯಲ್ಲಿ, ಮೇಷ್ಟರು ಬರುವುದು ತಡವಾದ ಒಂದು ದಿನ, ನಾನೇ ಕುರ್ಚಿಯ ಪಕ್ಕ ನಿಂತು ಅವರಾದೆ. ಚಾಕ್‌ಪೀಸನ್ನು ಕಿವಿಗೆ ಸಿಕ್ಕಿಸಿಕೊಂಡು, ಪಂಚೆಯ ಚುಂಗನ್ನು ಎರಡು ಬೆರಳಲ್ಲಿ ಎತ್ತಿ, "ಅರ್ಥವಾಯಿತೇ? ಅರ್ಥವಾಯಿತೇ?" ಎಂದೆ. ತರಗತಿ ನಗಲಿಲ್ಲ. ನಗದಿರುವುದು ಏಕೆಂದು ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ ನಿಂತಿದ್ದರು. ಪೂರ್ತಿ ನೋಡಿದ್ದರು. "ನಾನು ಎರಡು ಸಲ ಅಲ್ಲ ಕಣಯ್ಯ, ಮೂರು ಸಲ ಕೇಳ್ತೀನಿ" ಎಂದು ಮೊದಲು ತಿದ್ದಿದರು. ಆಮೇಲೆ ಹೊಡೆದರು. ತಿದ್ದಿದ್ದು ಮಾತ್ರ ನೆನಪಿದೆ. ಅನುಕರಣೆಗೂ ಒಂದು ಪ್ರಾಮಾಣಿಕತೆ ಬೇಕು ಎಂದು ನನಗೆ ಹೇಳಿಕೊಟ್ಟ ಒಬ್ಬರೇ ಗುರು ಅವರು. ಆ ಪಾಠವನ್ನು ನಾನು ಎಷ್ಟು ಬೇಗ ಮರೆತೆ ಎಂಬುದೇ ಮುಂದೆ ಹೇಳಬೇಕಾದ ಸಂಗತಿ.

ಟೆಕ್ಸಸ್‌ಗೆ ಬಂದ ಮೇಲೆ ಈ ಕಾಯಿಲೆ ಉಲ್ಬಣಿಸಿತು. ಪ್ಲೇನೋದ ಆಫೀಸಿಗೆ ಒಂದು ದನಿ, ಹೇರ್‌ಕಟ್ ಮಾಡುವವನಿಗೆ ಒಂದು, ದಿನಸಿ ಅಂಗಡಿಯ ಗುಜರಾತಿಯವನಿಗೆ ಹಿಂದಿಯಲ್ಲಿ ಇನ್ನೊಂದು. ಒಮ್ಮೆ ಆಫೀಸಿನ ಕರೆ ಮುಗಿಸಿದ ಬಿಸಿಯಲ್ಲೇ ಅಮ್ಮನ ಫೋನ್ ಎತ್ತಿಕೊಂಡೆ. ಅವಳು ಎರಡು ನಿಮಿಷ ಸುಮ್ಮನೆ ಕೇಳಿಸಿಕೊಂಡು, "ಆಯ್ತಪ್ಪ, ಈಗ ಸ್ವಲ್ಪ ನನ್ನ ಮಗನಿಗೆ ಫೋನ್ ಕೊಡು" ಎಂದಳು. ಎಲ್ಲರ ದನಿಯೂ ಬರುತ್ತದೆ, ನನ್ನದು ಯಾವುದು ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಈ ಪ್ರಬಂಧವನ್ನೂ ಯಾರ ದನಿಯಲ್ಲಿ ಬರೆಯುತ್ತಿದ್ದೇನೋ ನನಗೆ ಖಾತ್ರಿಯಿಲ್ಲ.

ಕರಿಯ ತ್ರಿಕೋನಕ್ಕೆ ಬರುತ್ತೇನೆ. ಅದು ದೇಸಾಯಿ ಅಂಕಲ್ ಅವರದು.

ನಾನು ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುತ್ತಿದ್ದಾಗ ನಾವು ನಾಲ್ಕು ಜನ ಹುಡುಗರು ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದೆವು. ನಾಲ್ವರಿಗೂ ಸೇರಿ ಬರುತ್ತಿದ್ದ ಅಡುಗೆ ಒಂದೇ, ಅದಕ್ಕೂ ಹೆಸರಿರಲಿಲ್ಲ. ಭಾನುವಾರಗಳಂದು ಊರಂಚಿನ ಕ್ಲಿಯರ್ ಲೇಕಿನ ದೇಸಾಯಿ ಅಂಕಲ್ ಮನೆ ನಮ್ಮನ್ನು ಬದುಕಿಸಿತು. ಅಂಕಲ್ ಧಾರವಾಡದ ಡಾಕ್ಟರು, ಆಗಲೇ ನಿವೃತ್ತರು. ಅವರ ಬೀದಿಯ ತುಂಬ ಪಕ್ಕದ ಬಾಹ್ಯಾಕಾಶ ಕೇಂದ್ರದ ಎಂಜಿನಿಯರುಗಳು. ಇವರೆಲ್ಲ ಚಂದ್ರನ್ನ ನೋಡ್ತಾರ, ನಾನು ಇವರ ಸಕ್ಕರಿ ಕಾಯಿಲೆ ನೋಡ್ತಿದ್ದೆ ಎಂದು ಅಂಕಲ್ ನಗುತ್ತಿದ್ದರು. ಆ ನಗುವಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಮೊದಲು ಹೆಗಲಿಗೆ ಬರುತ್ತಿತ್ತು. ಎರಡು ಹೆಗಲೂ ಸದ್ದಿಲ್ಲದೆ ಕುಲುಕಿ, ಇನ್ನೇನು ಮುಗಿಯಿತು ಎನ್ನುವಾಗ ಮೂಗಿನಿಂದ ಒಂದೇ ಒಂದು "ಹಂ" ಹೊರಡುತ್ತಿತ್ತು. ಅವರ ನಡಿಗೆ, ಕೆಮ್ಮು, ಮಾತು ಎಲ್ಲವನ್ನೂ ನಾನು ಮಾಡಬಲ್ಲವನಾಗಿದ್ದೆ. ಆ ನಗು ಮಾತ್ರ ಕೊನೆಗೂ ನನ್ನ ಮೈಗೆ ಹತ್ತಲಿಲ್ಲ.

ಅವರ ಹೆಂಡತಿ ವಿಮಲಾ ಆಂಟಿ ಬಡಿಸಿದ ಜೋಳದ ರೊಟ್ಟಿ, ಎಣ್ಣೆಗಾಯಿ ಹೊಟ್ಟೆಗಿಳಿದು, ನಾವು ಕೈತೊಳೆದು ಬರುವಷ್ಟರಲ್ಲಿ ಅಂಕಲ್ ಸೋಫಾದ ಮೇಲೆ ತಯಾರಾಗಿರುತ್ತಿದ್ದರು. ತೊಡೆಯ ಮೇಲೆ ಕರಿಯ ಹಾಳೆಗಳ ಆಲ್ಬಮ್. ತಿಂದವರಿಗೆ ತಪ್ಪಿಸಿಕೊಳ್ಳಲು ಮುಖವೆಲ್ಲಿಂದ ಬರಬೇಕು? ಕೂಡುತ್ತಿದ್ದೆವು.

"ಇದು ನಮ್ಮೂರು ನೋಡ್ರಿ" ಎಂದು ಶುರುಮಾಡುತ್ತಿದ್ದರು. ಮೊದಲ ಸಲ ನಾವು ಧಾರವಾಡ ಕಾಣುತ್ತದೆಂದು ಬಗ್ಗಿ ನೋಡಿದೆವು. ಕಂಡದ್ದು ಮೋಡ, ಕಲ್ಲು, ಹೊಗೆಗೂಡುಗಳು. ಐವತ್ತು ವರ್ಷದ ಹಿಂದೆ, ಹೊಸದಾಗಿ ಡಾಕ್ಟರಾದ ಅಂಕಲ್ ಬ್ರಿಟನ್ನಿನ ವೇಲ್ಸ್ ಎಂಬ ಸೀಮೆಯ ಒಂದು ಕಲ್ಲಿದ್ದಲು ಗಣಿಯ ಊರಿಗೆ ಕೆಲಸಕ್ಕೆ ಹೋಗಿದ್ದರು. ಮೂರು ವರ್ಷ ಇದ್ದರು. ಹುಟ್ಟಿದ್ದು ಧಾರವಾಡದಲ್ಲಿ, ಮನೆಮಾಡಿದ್ದು ಹ್ಯೂಸ್ಟನ್ನಿನಲ್ಲಿ, ಆದರೆ "ನಮ್ಮೂರು" ಎಂದರೆ ಆ ಮೂರು ವರ್ಷದ ಊರು. ಅದರ ಹೆಸರು ಹೇಳಲು ನಾಲಿಗೆಯನ್ನು ಹಲ್ಲಿಗೆ ಒತ್ತಿ ಪಕ್ಕದಿಂದ ಗಾಳಿ ಬಿಡಬೇಕು. ಅಂಕಲ್‌ಗೆ ಬರುತ್ತಿತ್ತು, ನನಗೆ ಬರುತ್ತದೆ. ಕನ್ನಡದಲ್ಲಿ ಅದನ್ನು ಬರೆಯುವ ಅಕ್ಷರವಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿಲ್ಲ.

ಫೋಟೋಗಳು ಒಟ್ಟು ಅರವತ್ತೆರಡು. ಒಂದರಲ್ಲೂ ಮನುಷ್ಯರಿಲ್ಲ. ಬೀದಿಗಳು, ಶಾಲೆ, ಪ್ರಾರ್ಥನಾ ಮಂದಿರ, ಮಾರ್ಕೆಟ್ಟಿನ ಗಡಿಯಾರ, ಆಸ್ಪತ್ರೆ, ಬೇಕರಿಯ ಮುಚ್ಚಿದ ಬಾಗಿಲು. ಯಾಕೆ ಯಾರೂ ಇಲ್ಲ ಎಂದು ನಾನು ಕೇಳಿದ್ದೆ. ಅಂಕಲ್‌ಗೆ ರಜೆ ಸಿಗುತ್ತಿದ್ದದ್ದು ಭಾನುವಾರ ಬೆಳಗ್ಗೆ. ಊರಿಗೆ ಊರೇ ಆ ಹೊತ್ತಿಗೆ ಪ್ರಾರ್ಥನೆಗೆ ಹೋಗಿರುತ್ತಿತ್ತು. ಖಾಲಿ ಬೀದಿಯಲ್ಲಿ ಇವರೊಬ್ಬರೇ ಕ್ಯಾಮೆರಾ ಹಿಡಿದು ತಿರುಗುತ್ತಿದ್ದರು. "ಒಳಗ ಎಲ್ಲಾರೂ ಹಾಡ್ತಿದ್ರು. ಓಣಿ ತುಂಬ ಬರೇ ಹಾಡು. ಅದೊಂದು ಫೋಟೋದಾಗ ಬರೂದಿಲ್ಲ, ಅದಕ್ಕ ನಾ ಬಾಯಿಲೆ ಹೇಳ್ತೀನಿ" ಎಂದರು.

ಬಾಯಿಂದಲೇ ಹೇಳುವುದು ಅವರ ಪಾಲಿಗೆ ಒಂದು ವ್ರತ. ಅಷ್ಟು ಫೋಟೋಗಳಲ್ಲಿ ಒಂದರ ಕೆಳಗೂ ಒಂದಕ್ಷರ ಬರೆದಿರಲಿಲ್ಲ, ಹಿಂದೆಯೂ ಬರೆದಿರಲಿಲ್ಲ. ಡಾಕ್ಟರ ಅಕ್ಷರ ಯಾರಿಗೂ ತಿಳಿಯುವುದಿಲ್ಲ ಎಂಬ ನಾಚಿಕೆಯೇ ಎಂದು ಚುಡಾಯಿಸಿದ್ದೆ. ಅಂಕಲ್ ಹೇಳಿದ್ದು ಇದು: "ಬರದಿಟ್ರ ಓದಿ ಎದ್ದು ಹೋಗ್ತಾರ ತಮ್ಮಾ. ಬರೀಲಿಲ್ಲಂದ್ರ ಕೂತು ಕೇಳ್ತಾರ."

ನಾವು ಕೂತು ಕೇಳಿದೆವು. ಎರಡು ವರ್ಷ, ಬಹುತೇಕ ಪ್ರತಿ ಭಾನುವಾರ. ಮೊದಲ ಹಾಳೆ ರೈಲುನಿಲ್ದಾಣದ ಮೇಲ್ಸೇತುವೆ. "ಇಲ್ಲೆ ಇಳದೆ ನೋಡ್ರಿ. ಕೈಯಾಗ ಒಂದು ಟ್ರಂಕು, ಬಾಯಾಗ ಒಂದು ಮಾತಿಲ್ಲ. ಕಲತ ಇಂಗ್ಲಿಷ್ ಎಲ್ಲಾ ರೈಲಿನಾಗ ಬಿಟ್ಟು ಇಳಧಂಗ ಆತು." ಎರಡನೆಯದು ಇಳಿಜಾರಿನ ಬೀದಿ. ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ, ಒಂದನ್ನು ತೆಗೆದರೆ ಎಲ್ಲವೂ ಉರುಳುತ್ತವೆ ಎನ್ನುತ್ತಿದ್ದರು. ಆಸ್ಪತ್ರೆಯ ಫೋಟೋದಲ್ಲಿ ಮೇಲಿನ ಸಾಲಿನ ಮೂರನೆಯ ಕಿಟಕಿ ಅವರದು. ಗಣಿಯಲ್ಲಿ ದುಡಿದವರ ಎದೆಯ ಸದ್ದು ಕೇಳಿ ಕೇಳಿ, ಕಣ್ಣುಮುಚ್ಚಿಕೊಂಡು ಉಸಿರಾಟದಿಂದಲೇ ಇವರು ಇಂಥವರು ಎಂದು ಹೇಳುವಂತಾಗಿದ್ದರಂತೆ. ಅರವತ್ತೆರಡೂ ಮುಗಿದ ಮೇಲೆ ನಾವು ಏಳಲು ಹೊಂಚುಹಾಕುವಾಗ ಅಂಕಲ್ ಮೆಲ್ಲಗೆ ಮೊದಲ ಹಾಳೆಗೆ ಮರಳುತ್ತಿದ್ದರು. "ಇನ್ನೊಮ್ಮೆ ನೋಡೂಣು, ಅವಸರ ಏನದ?"

ಇಷ್ಟು ಸರಕು ಎದುರಿಗಿಟ್ಟರೆ ನನ್ನಂಥವನು ಸುಮ್ಮನಿರುತ್ತಾನೆಯೇ?

ಎರಡನೆಯ ವರ್ಷದ ಯುಗಾದಿಗೆ ಅಲ್ಲಿನ ಕನ್ನಡದವರೆಲ್ಲ ಸೇರಿದಾಗ ನನಗೆ ಹದಿನೈದು ನಿಮಿಷದ ಮಿಮಿಕ್ರಿ ಕೊಟ್ಟಿದ್ದರು. ಹುಲ್ಲುಹಾಸಿನ ಬಗ್ಗೆ ಮಾತ್ರ ಮಾತಾಡುವ ಅಂಕಲ್ ಒಬ್ಬರನ್ನು ಮಾಡಿದೆ. ಯಾವ ಊರಿಗೆ ಹೋದರೂ ಯಾವ ಹೈವೇ ಹಿಡಿಯಬೇಕಿತ್ತು ಎಂದು ತಲುಪಿದ ಮೇಲೆ ಹೇಳುವ ಇನ್ನೊಬ್ಬರನ್ನು ಮಾಡಿದೆ. ವೀಸಾ, ಸಾಲ, ಸಂಬಳ ಎಂದು ಗೊಣಗುವ ನನ್ನನ್ನೂ ಮಾಡಿದೆ. ಕೊನೆಗೆ ದೇಸಾಯಿ ಅಂಕಲ್. ಅದಕ್ಕಾಗಿ ಅಂಕಲ್‌ಗೆ ತಿಳಿಯದಂತೆ ಆಂಟಿಯ ಬಳಿ ಅವರ ಕಂದು ಬಣ್ಣದ ಉಣ್ಣೆಯ ಕೋಟು ಇಸಕೊಂಡಿದ್ದೆ. ಆ ಊರಿನಲ್ಲೇ ಕೊಂಡ ಕೋಟು; ಹ್ಯೂಸ್ಟನ್ನಿನ ಸೆಕೆಯಲ್ಲಿ ಅದನ್ನು ತೊಟ್ಟು ನಿಂತವನನ್ನು ಕಂಡೇ ಜನ ನಗಲು ಶುರುಮಾಡಿದರು. ಕೈಯಲ್ಲಿ ಆಲ್ಬಮ್ಮಿನ ಬದಲು ದೊಡ್ಡದೊಂದು ಪಿಜ್ಜಾ ಡಬ್ಬ. ಅದನ್ನು ತೆರೆದು, "ಇದು ನಮ್ಮೂರ ಗ್ವಾಡಿ ನೋಡ್ರಿ. ಇದು ಒದ್ದಿ ಗ್ವಾಡಿ. ಇದು ಇನ್ನಾ ಒಣಗಿಲ್ಲ" ಎಂದೆ. ಜನರಿಲ್ಲದ್ದಕ್ಕೆ ಕಾರಣ, ಇವರು ಆಲ್ಬಮ್ ತರುತ್ತಿದ್ದಾರೆಂದು ಊರೇ ಒಳಗಿನಿಂದ ಚಿಲಕ ಹಾಕಿಕೊಂಡಿದೆ ಎಂದೆ. ಶಾಲೆಯ ಫೋಟೋಗೆ ಬಂದಾಗ ಸಭೆ ಬಿದ್ದುಬಿದ್ದು ನಕ್ಕಿತು. ಕೊನೆಯಲ್ಲಿ "ಇನ್ನೊಮ್ಮೆ ನೋಡೂಣು, ಅವಸರ ಏನದ?" ಎಂದು ಡಬ್ಬವನ್ನು ಮತ್ತೆ ಮೊದಲಿಂದ ತೆರೆದಾಗ ಚಪ್ಪಾಳೆಗೆ ಮೈಕು ಕಿರುಚಿತು.

ಅಂಕಲ್ ಮೊದಲ ಸಾಲಿನಲ್ಲಿದ್ದರು. ನಾನು ನೋಡುತ್ತಿದ್ದದ್ದು ಅವರ ಹೆಗಲನ್ನು. ಕುಲುಕಲಿಲ್ಲ. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿದೆ, ಸರಿಯಾಗಿ ಕಾಣುತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಊಟದ ಸಾಲಿನಲ್ಲಿ ಅವರೇ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಭಾಳ ಛಲೋ ಮಾಡಿದಿ ತಮ್ಮಾ. ಕೋಟು ಸ್ವಲ್ಪ ದೊಡ್ಡದಾತು ನಿನಗ." ಎಷ್ಟೋ ಪಾರ್ಟಿಗಳಲ್ಲಿ ಆ ಮಾತನ್ನೂ ಅವರದೇ ದನಿಯಲ್ಲಿ ಹೇಳಿ ನಗಿಸಿದ್ದೇನೆ.

ಅದಾದ ಮೇಲಿನ ಭಾನುವಾರಗಳಲ್ಲಿ ಊಟದ ನಂತರ ಅಂಕಲ್ ಟಿವಿ ಹಾಕತೊಡಗಿದರು. ಆಲ್ಬಮ್ ಸೋಫಾದ ಪಕ್ಕದ ಮೇಜಿನ ಮೇಲೆ ಇರಲಿಲ್ಲ. ನನಗೆ ಆಗ ಅನ್ನಿಸಿದ್ದೇನು ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ: ಸದ್ಯ, ಬಚಾವಾದೆವು.

ಆಮೇಲೆ ಕೆಲಸ ಸಿಕ್ಕಿತು, ಡಲ್ಲಾಸ್ ಕಡೆಗೆ ಶಿಫ್ಟ್ ಆದೆ. ಕೋಟು ನನ್ನ ಪೆಟ್ಟಿಗೆಯಲ್ಲೇ ಬಂತು, ವಾಪಸ್ ಹೋಗಲಿಲ್ಲ. ಕೆಲವು ವರ್ಷ ಕಳೆದವು. ಅಂಕಲ್‌ಗೆ ಸ್ಟ್ರೋಕ್ ಆಗಿದೆ, ಬಲಗೈ ಮತ್ತು ಮಾತು ಹೋಗಿದೆ, ಹೇಳಿದ್ದೆಲ್ಲ ತಿಳಿಯುತ್ತದೆ ಎಂದು ಗೆಳೆಯರ ಗುಂಪಿನಲ್ಲಿ ಓದಿದೆ. ಒಂದು ವಾಯ್ಸ್ ಮೆಸೇಜ್ ಕಳಿಸಿದೆ. ಬೇಗ ಬರ್ತೀನಿ ಅಂಕಲ್, ಟೇಕ್ ಕೇರ್. ಆಫೀಸಿನ ದನಿಯಲ್ಲಿ. ಎಂಟು ತಿಂಗಳು ಹೋಗಲಿಲ್ಲ. ಮಾತಿಲ್ಲದವರ ಎದುರು ಮಾತನ್ನೇ ಕಸುಬು ಮಾಡಿಕೊಂಡವನು ಹೇಗೆ ಕೂರುವುದು ಎಂದು ಹೆದರಿದ್ದೆ. ರಜೆ ಇಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಕೊನೆಗೆ ಫೋನ್ ಮಾಡಿದವಳು ಮೇಧಾ, ಅವರ ಮಗಳು. ಆಸ್ಟಿನ್ನಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ವಾರದ ಕೊನೆಗೆ ಕ್ಲಿಯರ್ ಲೇಕಿಗೆ ಡ್ರೈವ್ ಮಾಡಿಕೊಂಡು ಬರುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪ ಈಗ ಪ್ರತಿದಿನ ಬೆಳಗ್ಗೆ ಆಲ್ಬಮ್ ತರಿಸಿಕೊಳ್ಳುತ್ತಾರೆ ಎಂದಳು. ಎಡಗೈಯ ಬೆರಳನ್ನು ಒಂದು ಫೋಟೋದ ಮೇಲಿಟ್ಟು ಎದುರಿಗಿದ್ದವರ ಮುಖ ನೋಡುತ್ತಾರೆ. ಇದು ಯಾವ ಬೀದಿ ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತಾರೆ. ಹೇಳಲು ಯಾರಿಗೆ ಗೊತ್ತು? ಅಮ್ಮನಿಗೆ ನಾಲ್ಕೈದು ಗೊತ್ತು. ತನಗೆ ಒಂದೂ ಗೊತ್ತಿಲ್ಲ, ಅಪ್ಪ ತೆರೆದಾಗಲೆಲ್ಲ ತಾನು ಫೋನ್ ನೋಡುತ್ತಿದ್ದೆ ಎಂದಳು. ಇಂಟರ್ನೆಟ್ಟಿನಲ್ಲಿ ಆ ಊರಿನ ಹಳೆಯ ಫೋಟೋಗಳನ್ನು ಹುಡುಕಿ ಇವುಗಳ ಪಕ್ಕ ಇಟ್ಟು ನೋಡಿದಳಂತೆ. ಬೀದಿಗಳೆಲ್ಲ ಒಂದೇ ಥರ, ಶಾಲೆ ಕೆಡವಿದ್ದಾರೆ, ಅರ್ಧ ಕಟ್ಟಡಗಳು ಈಗಿಲ್ಲ. ತಿಳಿದಷ್ಟನ್ನು ಬಿಳಿ ಪೆನ್ಸಿಲಿನಿಂದ ಆಲ್ಬಮ್ಮಿನಲ್ಲೇ ಬರೆಯಲು ಹೋದರೆ ಅಪ್ಪ ಕೈ ತಳ್ಳಿದರಂತೆ. ಕಾದು ಕಾದು, ಯಾರೂ ಏನೂ ಹೇಳದಿದ್ದಾಗ ಆಲ್ಬಮ್ ಮುಚ್ಚಿ ಗೋಡೆಯ ಕಡೆ ತಿರುಗಿ ಕೂಡುತ್ತಾರೆ.

ಆಮೇಲೆ ಅವಳು ಹೇಳಿದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ: "ನೀನು ಯುಗಾದಿಗೆ ಅದನ್ನೆಲ್ಲ ಮಾಡಿದ್ದೆಯಲ್ಲ. ನಾನೂ ಇದ್ದೆ. ನಾನೂ ನಕ್ಕೆ. ಕೇಳಿದವರು ಬೇರೆಯವರೂ ಇದ್ದಾರೆ, ಈಗ ಅದು ಬಾಯಿಪಾಠ ಇರುವವನು ನೀನೊಬ್ಬನೇ."

ಶನಿವಾರ ಬೆಳಗ್ಗೆ ಕೋಟನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟೆ. ಮೆಕಿನ್ನಿಯಿಂದ ಹ್ಯೂಸ್ಟನ್ನಿಗೆ ಸುಮಾರು ಐದು ಗಂಟೆಯ ದಾರಿ, ನೆಟ್ಟಗೆ, ಎಡಬಲ ನೋಡುವಂಥದ್ದೇನೂ ಇಲ್ಲ. ಅಭ್ಯಾಸ ಮಾಡಿಕೊಳ್ಳೋಣವೆಂದು ಬಾಯಿ ತೆರೆದೆ. ಮೊದಲ ಹತ್ತು ಫೋಟೋ ನೀರಿನಂತೆ ಬಂದವು. ಆಮೇಲೆ ಮಾರ್ಕೆಟ್ಟಿಗೆ ಬಂದು ಎಡವಿದೆ. ಗಡಿಯಾರ ನಾಲ್ಕೂ ಇಪ್ಪತ್ತಕ್ಕೆ ನಿಂತಿತ್ತು ಎನ್ನುವುದು ಅಂಕಲ್ ಹೇಳಿದ್ದೇ, ಅಥವಾ ನಾನು ನಗಿಸಲು ಹೇಳಿದ್ದೇ? ಬೇಕರಿಯಾಕೆ ಇವರಿಗಾಗಿ ಬ್ರೆಡ್ಡಿನ ಗಟ್ಟಿ ತುದಿಯನ್ನೇ ಎತ್ತಿಡುತ್ತಿದ್ದದ್ದು ನಿಜವೇ? ವೇದಿಕೆಗೆಂದು ನಾನು ಹೊಲಿದ ತೇಪೆಗಳು ಯಾವುವು, ಮೂಲ ಬಟ್ಟೆ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಪಾರ್ಟಿಯಿಂದ ಪಾರ್ಟಿಗೆ ಹೇಳಿ ಹೇಳಿ ಎರಡೂ ಒಂದೇ ದನಿಯಲ್ಲಿ ನುಣುಪಾಗಿ ಕೂತುಬಿಟ್ಟಿದ್ದವು. ಒಬ್ಬರ ಊರು ನನ್ನ ಬಾಯಲ್ಲಿ ಮಾತ್ರ ಉಳಿದಿದೆ, ಆ ಬಾಯಿಯೋ ಇಂಥದ್ದು. ಎರಡು ಸಲ ಅಲ್ಲ ಕಣಯ್ಯ ಎಂದು ಬಾಗಿಲಲ್ಲಿ ನಿಂತು ತಿದ್ದುವವರು ಈಗ ಯಾರು? ತಿದ್ದಬೇಕಾದವರಿಗೆ ಮಾತೇ ಇಲ್ಲ.

ದಾರಿಯಲ್ಲಿ ಹಿಲ್‌ಕ್ರಾಫ್ಟ್ ರಸ್ತೆಯ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಭಾರತೀಯ ಅಂಗಡಿಗಳ ಪೇಟೆಗೆ ಹೊಕ್ಕು ಚುರುಮುರಿ, ಪುಟಾಣಿ ತೆಗೆದುಕೊಂಡೆ. ಅಂಕಲ್‌ಗೆ ಒಗ್ಗರಣೆ ಹಾಕಿದ ಚುರುಮುರಿ ಎಂದರೆ ಪ್ರಾಣ. ಬಾಗಿಲು ತೆರೆದ ಆಂಟಿ ಚೀಲ ಇಸಕೊಂಡು ಒಳಗೆ ನೋಡಿ, "ಅವರಿಗೆ ಈಗ ಒಣಾದು ನುಂಗಲಿಕ್ಕೆ ಆಗೂದಿಲ್ಲಪಾ" ಎಂದರು. ನನ್ನ ಮುಖ ಕಂಡು, ಇರಲಿ, ನಾವು ತಿನ್ನೂಣು ಎಂದು ಸೇರಿಸಿದರು. ಕೋಟನ್ನೂ ಕೊಟ್ಟೆ. ಅದನ್ನು ಮಡಿಚದೆ ತೋಳಿನ ಮೇಲೆ ಹಾಕಿಕೊಂಡೇ ಚಹಾಕ್ಕೆ ನೀರಿಟ್ಟರು.

ಅಡುಗೆಮನೆಯಲ್ಲಿ ನಿಂತು ನಾನು ಕೇಳಬಾರದ್ದನ್ನು ಕೇಳಿದೆ. ಯುಗಾದಿಯಾದ ಮೇಲೆ ಅಂಕಲ್ ಆಲ್ಬಮ್ಮನ್ನು ಯಾರಿಗಾದರೂ ತೋರಿಸಿದ್ದರೇ ಎಂದು.

ಆಂಟಿ ಚಹಾಪುಡಿ ಹಾಕಿದರು. "ಇಲ್ಲ. ಮರುದಿನಾನೇ ಕಪಾಟಿನ ಮ್ಯಾಲ ಇಟ್ರು. ಯಾಕ್ರೀ ಅಂತ ಕೇಳಿದೆ. ಈಗ ಎಲ್ಲಾರಿಗೂ ಗೊತ್ತಾಗೇದಲ್ಲ, ಮತ್ತ ಯಾಕ ಹೇಳಬೇಕು ಅಂದ್ರು." ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಾವು ಮದುವೆಯಾಗಿ ನೇರ ಹ್ಯೂಸ್ಟನ್ನಿಗೇ ಬಂದದ್ದು, ಆ ಊರನ್ನು ಕಂಡೇ ಇಲ್ಲ, ಒಮ್ಮೆ ಕರೆದುಕೊಂಡು ಹೋಗಿ ಎಂದು ತಾವು ಕೇಳಿದಾಗ, ಈಗ ಹೋದರೆ ಅದು ಬದಲಾಗಿರುತ್ತದೆ ಎಂದು ಅಂಕಲ್ ತಳ್ಳಿಹಾಕಿದ್ದರಂತೆ. ಅಷ್ಟು ಹೇಳಿ ಆಂಟಿ ಲೋಟಗಳನ್ನು ತಟ್ಟೆಯಲ್ಲಿಟ್ಟರು.

ಅಂಕಲ್ ಕಿಟಕಿಯ ಪಕ್ಕ ಕೂತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ನೋಡಿ ಎಡಗೈ ಎತ್ತಿದರು. ಪಕ್ಕದ ಕುರ್ಚಿಯಲ್ಲಿ ಮೇಧಾ, ತೊಡೆಯ ಮೇಲೆ ನೋಟ್‌ಬುಕ್ಕು. ಆಲ್ಬಮ್ಮಿನಲ್ಲಿ ಬರೆಯಲು ಬಿಡದ ಮೇಲೆ ಬೇರೆ ಪುಸ್ತಕದಲ್ಲಿ ಬರೆದಿಡುತ್ತೇನೆ ಎಂದಿದ್ದಳು. ನಾನು ಸೋಫಾದಲ್ಲಿ ಅವರ ಎಡಕ್ಕೆ ಕೂತೆ. ಎಷ್ಟೋ ವರ್ಷದ ಮೇಲೆ ಆ ಕರಿಯ ಹಾಳೆ ಎದುರಿಗಿತ್ತು.

"ಇದು ಸ್ಟೇಷನ್ ಅಂಕಲ್. ನೀವು ಮೊದಲು ಬಂದು ಇಳಿದ ಜಾಗ. ಇದು ಆ ಇಳಿಜಾರಿನ ಬೀದಿ" ಎಂದು ನನ್ನ ಮೈಸೂರು ಕನ್ನಡದಲ್ಲಿ, ಆಸ್ಪತ್ರೆಗೆ ಬಂದವರು ಮಾತಾಡುವ ಹಾಗೆ, ಮೆತ್ತಗೆ ಶುರುಮಾಡಿದೆ. ಅಂಕಲ್ ಕಿಟಕಿಯ ಹೊರಗೆ ನೋಡಿದರು. ಮೂರನೆಯ ಫೋಟೋಗೆ ಅವರ ಬೆರಳು ಏಳಲಿಲ್ಲ. ಇದು ಹೀಗಿರಲಿಲ್ಲ ಎಂದು ಮೇಧಾ ಗೊಣಗಿದಳು. ಹೀಗಿರಲಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ದನಿ ಕಳೆದುಕೊಂಡವರ ಮುಂದೆ ಕೂತು ಅವರ ದನಿಯನ್ನೇ ತೆಗೆಯುವುದು ಹೇಗೆ? ಯುಗಾದಿಯಂದು ಅವರು ಅದನ್ನು ವಾಪಸ್ ಪಡೆಯಬಹುದಿತ್ತು, ಈಗ ಪಡೆಯಲಾರರು.

ಚಹಾ ತಂದಿಟ್ಟ ಆಂಟಿ ನಿಂತೇ ಇದ್ದರು. "ಅವರ ಧ್ವನಿ ತಗೀಯಪಾ" ಎಂದರು. "ಮನ್ಯಾಗ ಆ ಧ್ವನಿ ಕೇಳಿ ಎಂಟು ತಿಂಗಳಾತು."

ತೆಗೆದೆ. "ಇದು ನಮ್ಮೂರು ನೋಡ್ರಿ" ಎಂದೆ.

ಅಂಕಲ್ ತಿರುಗಿದರು. ಆಂಟಿ ಒಳಗೆ ಹೋದರು, ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾನು ಮತ್ತೆ ಮೊದಲಿಂದ ಆರಂಭಿಸಿದೆ. ಮೊದಲ ಫೋಟೋಗೆ, "ಇಲ್ಲೆ ಇಳದೆ ನೋಡ್ರಿ" ಎಂದಷ್ಟೇ ಹೇಳಿ ಮುಂದೆ ಸರಿದೆ. ಅದರ ಮುಂದಿನ ಮಾತು ಏನೆಂದು ನಿಮಗೆ ನೆನಪಿದೆ. ಅದನ್ನು ಆ ಕೋಣೆಯಲ್ಲಿ ಹೇಳುವಷ್ಟು ಕಲ್ಲು ನಾನಲ್ಲ ಎಂದುಕೊಂಡೆ. ಇಳಿಜಾರಿನ ಬೀದಿ, ಹೆಗಲು ಕೊಟ್ಟ ಮನೆಗಳು, ಮೂರನೆಯ ಕಿಟಕಿ. ಅಂಕಲ್‌ರ ಬೆರಳು ನನ್ನ ಮಾತಿಗಿಂತ ಒಂದು ಗಳಿಗೆ ಮುಂದೆ ಹಾಳೆಯ ಮೇಲೆ ಓಡುತ್ತಿತ್ತು. ನಾನು ತಪ್ಪಿದರೆ ಅದು ಮೇಲೆದ್ದು ಅಡ್ಡಡ್ಡ ಆಡುತ್ತಿತ್ತು. ಗಡಿಯಾರದ ಹತ್ತಿರ ಆಡಿತು. ನಾಲ್ಕೂ ಇಪ್ಪತ್ತು ನನ್ನದೇ ತೇಪೆ, ಬಿಚ್ಚಿಹಾಕಿದೆವು. ಬೇಕರಿಯ ಹತ್ತಿರ ಆಡಲಿಲ್ಲ. ಬ್ರೆಡ್ಡಿನ ತುದಿ ನಿಜ. ಕೆಲವು ಕಡೆ ನಾನು ಎರಡು ಮೂರು ಬಗೆಯಲ್ಲಿ ಹೇಳಿ, ಯಾವುದಕ್ಕೆ ಬೆರಳು ಸುಮ್ಮನಾಗುತ್ತದೆಂದು ಕಾದೆ. ಮೇಷ್ಟರು ಕೊನೆಗೂ ಬಾಗಿಲಿಗೆ ಬಂದಿದ್ದರು.

ಶಾಲೆಯ ಫೋಟೋ ಬಂತು. ಕಲ್ಲಿನ ಕಟ್ಟಡ, ಎರಡು ಬಾಗಿಲು. ಒಂದರ ಮೇಲೆ ಹುಡುಗರು ಎಂದೂ ಇನ್ನೊಂದರ ಮೇಲೆ ಹುಡುಗಿಯರು ಎಂದೂ ಕಲ್ಲಿನಲ್ಲೇ ಕೆತ್ತಿದೆ. ಮಕ್ಕಳ ಗಂಟಲು ಪರೀಕ್ಷೆ ಮಾಡಲು ಅಂಕಲ್ ಅಲ್ಲಿಗೆ ಹೋಗುತ್ತಿದ್ದರು. "ಬಾಯಿ ತಗೀ ಅಂದ ಕೂಡಲೇ ಒಂದೊಂದು ಹುಡುಗ ಹಾಡಲಿಕ್ಕೇ ಶುರು ಮಾಡ್ತಿತ್ತು" ಎಂದೆ. ಬೆರಳು ಸುಮ್ಮನಿತ್ತು. ಅದೇ ಓಟದಲ್ಲಿ ಬಾಯಿ ತಡೆಯದೆ ಮುಂದಿನದೂ ಬಂದುಬಿಟ್ಟಿತು. "ಮೊದಲನೇ ದಿನ, ಡಾಕ್ಟರು ಯಾವ ಬಾಗಲದಾಗ ಹೋಗಬೇಕು ಅಂತ ತಿಳೀಲಾರದ ಅರ್ಧಾ ತಾಸು ಮಳ್ಯಾಗ ಹೊರಗ ನಿಂತಿದ್ದೆ."

ಯುಗಾದಿಯಂದು ಸಭೆ ಬಿದ್ದುಬಿದ್ದು ನಕ್ಕಿದ್ದು ಈ ಮಾತಿಗೇ. ಇದು ಅಪ್ಪಟ ನನ್ನದು. ಕಾರ್ಯಕ್ರಮದ ಹಿಂದಿನ ದಿನ ಕನ್ನಡಿಯೆದುರು ನಿಂತು ಕಟ್ಟಿದ್ದು, ಅದನ್ನು ಕಟ್ಟಿದಾಗಿನ ಕನ್ನಡಿ ಕೂಡ ಕಣ್ಣಿಗೆ ಕಟ್ಟಿದೆ. ನನ್ನ ಸ್ವಂತ ದನಿಗೆ ಇಳಿದು ಹೇಳಿದೆ: "ಅಂಕಲ್, ಸಾರಿ. ಇದು ನಾನು ಜನರನ್ನ ನಗಿಸೋಕೆ ಸೇರಿಸಿದ್ದು. ಮೇಧಾ, ಹೊಡೆದುಹಾಕು."

ಮೇಧಾ ಬರೆದದ್ದರ ಮೇಲೆ ಗೆರೆ ಎಳೆಯಲು ಪೆನ್ನು ಇಟ್ಟಳು. ಅಂಕಲ್ ಎಡಗೈಯನ್ನು ಚಾಚಿ ಆ ಸಾಲಿನ ಮೇಲೆ ಪೂರ್ತಿ ಅಂಗೈ ಮುಚ್ಚಿದರು. ಮೇಧಾ ಮೆಲ್ಲಗೆ ಸರಿಸಲು ನೋಡಿದಳು. ಅಂಕಲ್ ಕೈ ತೆಗೆಯಲಿಲ್ಲ.

ನಿಜವಾಗಿಯೂ ಇದು ನಡೆದಿತ್ತೇ ಎಂದು ಕೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು. ತಲೆ ಹೌದೆಂದೂ ಆಡಲಿಲ್ಲ, ಇಲ್ಲವೆಂದೂ ಆಡಲಿಲ್ಲ. ಹೊಸ ಊರಿನಲ್ಲಿ, ಪರದೇಶದ ಮಳೆಯಲ್ಲಿ, ಯಾರನ್ನು ಕೇಳಬೇಕೆಂದು ತಿಳಿಯದೆ ಎರಡು ಬಾಗಿಲಿನ ಮುಂದೆ ಇಪ್ಪತ್ತೈದು ವರ್ಷದ ಒಬ್ಬ ಹುಡುಗ ನಿಂತಿದ್ದಿರಬಹುದು. ಅದನ್ನು ಅವರು ಯಾರಿಗೂ ಹೇಳಿರಲಿಕ್ಕಿಲ್ಲ. ಅಥವಾ ಹಾಗೇನೂ ನಡೆದೇ ಇಲ್ಲ, ನನ್ನ ಸುಳ್ಳನ್ನು ತಮ್ಮ ಊರಿನೊಳಗೆ ಬಿಟ್ಟುಕೊಂಡರು. ಯಾವುದೆಂದು ನನಗೆ ಈ ಹೊತ್ತಿಗೂ ಗೊತ್ತಿಲ್ಲ. ಸಾಲು ಉಳಿಯಿತು.

ಚಹಾ ಆರಿ ಕೆನೆ ಕಟ್ಟಿತು. ಆಂಟಿ ಯಾವಾಗಲೋ ಬಂದು ಕೂತಿದ್ದರು, ಕೋಟು ಅವರ ತೊಡೆಯ ಮೇಲಿತ್ತು. ಅರವತ್ತೆರಡೂ ಮುಗಿದವು. ಕೊನೆಯ ಹಾಳೆಯ ಮೇಲೆ ಕೈಯಿಟ್ಟು ನಾನು ಉಸಿರು ಬಿಡುವಷ್ಟರಲ್ಲಿ ಅಂಕಲ್ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಒಂದೇ ಕೈಯಲ್ಲಿ, ತಡವರಿಸುತ್ತಾ, ಎಲ್ಲ ಹಾಳೆಗಳನ್ನೂ ಹಿಂದಕ್ಕೆ ಮಗುಚಿದರು. ಮೊದಲ ಫೋಟೋದ ಮೇಲೆ ಬೆರಳಿಟ್ಟರು. ಎಷ್ಟು ಬಲವಾಗಿ ಒತ್ತಿದರೆಂದರೆ ಅದರ ಒಂದು ಮೂಲೆಯ ಟೋಪಿ ಕಿತ್ತು ನನ್ನ ಅಂಗಿಯ ತೋಳಿಗೆ ಅಂಟಿತು. ನಾನದನ್ನು ಕಂಡದ್ದು ಮೆಕಿನ್ನಿಗೆ ಮರಳಿದ ಮೇಲೆ.

"ಇನ್ನೊಮ್ಮೆ ನೋಡೂಣು, ಅವಸರ ಏನದ?" ಎಂದೆ ಅವರ ಪರವಾಗಿ. "ಇಲ್ಲೆ ಇಳದೆ ನೋಡ್ರಿ."

ಬೆರಳು ಅಡ್ಡಡ್ಡ ಆಡಿತು. ಮತ್ತೆ ಅದೇ ಫೋಟೋವನ್ನು ತಟ್ಟಿತು.

ಯುಗಾದಿಯಂದು ಇಲ್ಲಿ ಟ್ರಂಕಿನ ಬಗ್ಗೆ ಏನೋ ಇತ್ತಲ್ಲ, ನೀನು ಅದನ್ನು ಬಿಟ್ಟೆ ಎಂದು ಮೇಧಾ ನೆನಪಿಸಿದಳು. ನಾನು ಬೇಡವೆಂಬಂತೆ ಅವಳ ಕಡೆ ನೋಡಿದೆ. ಅಂಕಲ್ ಇನ್ನೊಮ್ಮೆ ತಟ್ಟಿದರು. ಸೇರಿಸಿದ್ದನ್ನು ಇರಲಿ ಎಂದವರು, ಬಿಟ್ಟದ್ದನ್ನು ಬಿಡಲು ಒಪ್ಪುತ್ತಿರಲಿಲ್ಲ.

"ಕೈಯಾಗ ಒಂದು ಟ್ರಂಕು" ಎಂದೆ. ಅಲ್ಲಿ ನಿಲ್ಲಲು ನೋಡಿದೆ. ಅವರು ಗದ್ದ ಎತ್ತಿ ಕಾದರು.

"ಬಾಯಾಗ ಒಂದು ಮಾತಿಲ್ಲ."

ಮೊದಲು ಎಡ ಹೆಗಲು, ಆಮೇಲೆ ಅರ್ಧಮರ್ಧ ಬಲ ಹೆಗಲು. ಸದ್ದಿಲ್ಲದೆ ಕುಲುಕಿದವು. ಮುಗಿಯಿತು ಎನ್ನುವಾಗ ಮೂಗಿನಿಂದ ಒಂದು "ಹಂ" ಬಂತು. ಅದೊಂದನ್ನು ಕಾಯಿಲೆ ಮುಟ್ಟಿರಲಿಲ್ಲ.

ಇದನ್ನು ಹೇಗೆ ಬರೆಯುವುದು ಎಂಬಂತೆ ಮೇಧಾ ನನ್ನ ಮುಖ ನೋಡಿದಳು. ನಾನೂ ಹೇಳಲಾರೆ, ಆ ನಗು ನನಗೆ ಬರುವುದಿಲ್ಲ. ಅವಳು ಪೆನ್ನು ಮುಚ್ಚಿ ನೋಟ್‌ಬುಕ್ಕನ್ನು ಕೆಳಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು. ನಾವು ಎರಡನೆಯ ಫೋಟೋಗೆ ಹೋದೆವು.